ಔರಾದ ಅಂದ್ರ 820

ಬಿಡಿಸುವವಳು: ಸರ್, ಪದಬಂಧ ಅಂದ್ರ ಕರಿ ಮನಿ, ಬಿಳಿ ಮನಿ ಇರ್ತಾವ. ನಿಮ್ಮದರಾಗ ಒಂದೂ ಕರಿ ಮನಿ ಇಲ್ಲ. ಬರೇ ನಡುನಡುವ ದಪ್ಪ ಗೆರಿ ಎಳ್ದೀರಿ.

ಕಟ್ಟಿದವರು: ಆ ದಪ್ಪ ಗೆರಿನೇ ಗ್ವಾಡಿ ಅಂತ ತಿಳ್ಕೊ. ಒಂದು ಪದ ಅಲ್ಲಿಗೆ ಮುಗೀತದ, ಮುಂದಿಂದು ಅಲ್ಲಿಂದ ಸುರು ಆಗ್ತದ. ನನಗ ಮ್ಯಾಲಿನ ಸಾಲಿನ 11 ಮನಿನೂ ಅಕ್ಷರದಿಂದ ತುಂಬಿರಬೇಕಾಗಿತ್ತು. ಅದಕ್ಕ ಕರಿ ಮನಿ ಬಿಟ್ಟೆ. ಯಾಕ ತುಂಬಿರಬೇಕು ಅನ್ನೂದು ಕಡೀಕ ಗೊತ್ತಾಗ್ತದ. ಮೊದಲು ನಮ್ಮೂರು ಹುಡುಕು.

ಬಿಡಿಸುವವಳು: "ಉರ್ದುವಿನ 'ಮತ್ತು' ಕನ್ನಡದಲ್ಲಿ ಆದಾಗ ನಮ್ಮೂರು, ಒಂದರಿಂದ ನಲವತ್ತರವರೆಗೆ ಕೂಡಿದರೂ ನಮ್ಮೂರು. ಮೂರು ಅಕ್ಷರ." ಉರ್ದುದಾಗ ಮತ್ತು ಅಂದ್ರ "ಔರ್". ಅದರ ಬೆನ್ನಿಗೆ ಕನ್ನಡದ "ಆದ". ಔರ್, ಆದ... ಔರಾದ! ಸರ್, ದಿನಾ ಬಸ್ಸಿನ ಬೋರ್ಡಿನ ಮ್ಯಾಲ ಓದೋ ಹೆಸರು. ಅದರಾಗ ಎರಡು ಭಾಷಾ ಕೂತದ್ದು ಕಂಡಿದ್ದಿಲ್ಲ.

ಕಟ್ಟಿದವರು: ಊರಿಗೆ ಹೆಸರು ಹಂಗ ಬಂತು ಅಂತ ಮಾತ್ರ ತಿಳೀಬ್ಯಾಡ. ಇದು ಒಗಟು ಕಟ್ಟೋನು ಮಾಡೋ ಕಲಸ, ಹೆಸರಿನ ಇತಿಹಾಸ ಅಲ್ಲ. ಆದ್ರ ಇಲ್ಲಿ ಹುಟ್ಟಿದ ಮಗು ಮಾತ್ರ ಈ ಸುಳಿವು ಹೀಂಗ ಬಿಡಿಸ್ತದ. ಮನ್ಯಾಗ ಕನ್ನಡ, ಪ್ಯಾಟ್ಯಾಗ ದಖನಿ, ಸಂತ್ಯಾಗ ಮರಾಠಿ, ಆ ಕಡಿ ಗಡಿಗೆ ಹೋದ್ರ ತೆಲುಗು. ಒಂದು ಶಬ್ದ ಕಿವಿಗೆ ಬಿದ್ದ ಕೂಡಲೇ ಇದು ಯಾವ ಭಾಷಾದ್ದು ಅಂತ ಮನಸ್ಸು ತಾನೇ ಕೇಳ್ಕೋತದ. ಗೂಢ ಪದಬಂಧ ಬಿಡಿಸೋರಿಗೆ ಬೇಕಾದ್ದು ಅದೇ ಚಟ.

ಬಿಡಿಸುವವಳು: ಪೇಪರಿನ್ಯಾಗ ಬರೋ ಪದಬಂಧದಾಗ ಇಂಥ ಸುಳಿವು ಇರೂದಿಲ್ಲ. "ಸೂರ್ಯ, ಎರಡು ಅಕ್ಷರ" ಅಂದ್ರ "ರವಿ" ಅಂತ ಬರಿತೀವಿ.

ಕಟ್ಟಿದವರು: ಅದು ನೇರ ಸುಳಿವಿನ ಪದಬಂಧ. ಅದನ್ನ ಹಗುರ ಮಾಡಿ ನೋಡಬ್ಯಾಡ. ಕೋಲಾರ ಜಿಲ್ಲಾದ ಅಬ್ಬಣಿಯಾಗ ಹುಟ್ಟಿದ ಅ.ನಾ. ಪ್ರಹ್ಲಾದರಾವ್ ಒಬ್ಬರೇ 40 ಸಾವಿರಕ್ಕೂ ಹೆಚ್ಚು ಕನ್ನಡ ಪದಬಂಧ ಕಟ್ಟ್ಯಾರ. ಕನ್ನಡ ಓದೋ ಎಷ್ಟೋ ಮನಿಯಾಗ ಬೆಳಗಿನ ಚಹಾದ ಜೋಡಿ ಅವು ಇದ್ದವು. ಆದ್ರ ಪದಬಂಧಕ್ಕ ಇನ್ನೊಂದು ದಾರಿನೂ ಅದ. ನ್ಯೂಯಾರ್ಕಿನ ಪತ್ರಿಕಾದಾಗ ಆರ್ಥರ್ ವಿನ್ ಮೊದಲನೇದು ಅಚ್ಚು ಮಾಡಿಸಿದ್ದು 1913ರ ಡಿಸೆಂಬರ್ 21ಕ್ಕ. ಅದಾಗಿ ಹದಿಮೂರು ವರ್ಷಕ್ಕ, 1926ರಾಗ, ಲಂಡನ್ನಿನ "ಅಬ್ಸರ್ವರ್" ಪತ್ರಿಕಾದಾಗ "ಟಾರ್ಕೆಮಾಡ" ಅನ್ನೋ ಹೆಸರಿನಿಂದ ಒಬ್ಬ ಕವಿ ಎಲ್ಲಾ ಸುಳಿವೂ ಗೂಢ ಇರೋ ಪದಬಂಧ ಕಟ್ಟಲಿಕ್ಕ ಕುಂತ. ಅಲ್ಲಿಂದ ಮುಂದ ಸುಳಿವಿಗೆ ಎರಡು ಅರ್ಧ ಬಂದ್ವು. ಒಂದು ಅರ್ಧ ಅರ್ಥ ಹೇಳ್ತದ, ಇನ್ನೊಂದು ಅರ್ಧ ಅಕ್ಷರ ಕಟ್ಟಿ ಕೊಡ್ತದ. ಎರಡೂ ಒಂದೇ ಉತ್ತರಕ್ಕ ಬಂದು ನಿಂದರಬೇಕು.

ಬಿಡಿಸುವವಳು: ಮ್ಯಾಲ ಓದಿದ್ರ ಒಂದು ಮಾತು, ಒಳಗ ಬ್ಯಾರೆ ಮಾತು. ಇದು ಬೆಡಗಿನ ವಚನದ ಹಾದಿ ಆತಲ್ಲ ಸರ್?

ಕಟ್ಟಿದವರು: ವಚನಕಾರರ ಕಲ್ಯಾಣ ನಮ್ಮ ಜಿಲ್ಲಾದಾಗೇ ಅದ. ಅಲ್ಲಮಪ್ರಭುವಿನ ಬೆಡಗು ಬಿಡಿಸಲಿಕ್ಕ ಮುಂದಿನವರು ಟೀಕು ಬರದ್ರು. ಆದ್ರ ಒಂದು ಫರಕು ಅದ, ಅದನ್ನ ಮರೀಬಾರದು. ಬೆಡಗಿಗೆ ಒಬ್ಬ ಟೀಕಾಕಾರ ಒಂದು ಅರ್ಥ ಹೇಳ್ತಾನ, ಇನ್ನೊಬ್ಬ ಇನ್ನೊಂದು. ಅನುಭಾವಕ್ಕ ಅದು ಸೊಗಸು. ಪದಬಂಧಕ್ಕ ಅದು ನಡೆಯೂದಿಲ್ಲ. ಇಲ್ಲಿ ಉತ್ತರ ಒಂದೇ ಇರಬೇಕು, ಅದೂ ಎರಡು ಕಡಿಂದ ಸಾಕ್ಷಿ ಹೊತ್ತು ಬರಬೇಕು. ಈಗ ನಿನ್ನ ಸುಳಿವಿನ ಎರಡನೇ ಸಾಕ್ಷಿ ಎಲ್ಲಿ?

ಬಿಡಿಸುವವಳು: ಒಂದರಿಂದ ನಲವತ್ತು ಕೂಡೂದು ಸುಲಭ. 40 ಗುಣಿಸು 41, ಅದರ ಅರ್ಧ. 820. ಆದ್ರ 820ಕ್ಕೂ ಔರಾದಕ್ಕೂ ಏನು ಸಂಬಂಧ?

ಕಟ್ಟಿದವರು: ಕಟಪಯಾದಿ. ಹಾಳಿಯ ಮ್ಯಾಲಿನ ಟಿಪ್ಪಣಿ ಓದು.

ಬಿಡಿಸುವವಳು: "ಊರು, ನದಿಗಳ ಅಂಕಿ ಕಟಪಯಾದಿಯದು." ಇದು ನನಗ ಗೊತ್ತದ. ಕ ದಿಂದ ಝ ತನಕ 1ರಿಂದ 9, ಞ ಸೊನ್ನಿ. ಟ ದಿಂದ ಧ ತನಕ ಮತ್ತ 1ರಿಂದ 9, ನ ಸೊನ್ನಿ. ಪ ದಿಂದ ಮ ತನಕ 1ರಿಂದ 5. ಯ ದಿಂದ ಹ ತನಕ 1ರಿಂದ 8. ಬರೇ ಸ್ವರ ಬಂದ್ರ ಸೊನ್ನಿ. ಒತ್ತಕ್ಷರದಾಗ ಕಡೀ ವ್ಯಂಜನ ಲೆಕ್ಕ, ಕಾಗುಣಿತಕ್ಕ ಬೆಲಿ ಇಲ್ಲ. ಬಂದ ಅಂಕಿ ಬಲದಿಂದ ಎಡಕ್ಕ ಓದಬೇಕು. ಔ ಸೊನ್ನಿ, ರಾ 2, ದ 8. ತಿರುವಿದ್ರ 8, 2, 0. ಅಯ್ಯ!

ಕಟ್ಟಿದವರು: ಹಳೇ ಪದ್ಧತಿ ಇದು. ಹರಿದತ್ತ ಅನ್ನೋ ಜ್ಯೋತಿರ್ಗಣಿತಜ್ಞ 683ರಾಗ ಬರೆದ ಗ್ರಂಥದಾಗ ಇದರ ಬಳಕಿ ಸಿಗ್ತದ. ಕರ್ನಾಟಕ ಸಂಗೀತದಾಗ ಇವತ್ತಿಗೂ ಜೀವಂತ ಅದ. 72 ಮೇಳಕರ್ತ ರಾಗಗಳ ಹೆಸರಿನ ಮೊದಲ ಎರಡು ಅಕ್ಷರದಾಗ ಆ ರಾಗದ ಸಂಖ್ಯಾ ಇರ್ತದ. ಮಾಯಾಮಾಳವಗೌಳದ ಮಾ 5, ಯಾ 1, ತಿರುವಿದ್ರ 15. ಮೇಚಕಲ್ಯಾಣಿ 65. ಧೀರಶಂಕರಾಭರಣ 29. ಸಂಖ್ಯಾ ಹೊಂದ್ಲಿ ಅಂತಲೇ ಶಂಕರಾಭರಣಕ್ಕ "ಧೀರ", ಕಲ್ಯಾಣಿಗೆ "ಮೇಚ" ಹಚ್ಚಿದ್ರು. ಮಹಾಭಾರತಕ್ಕ "ಜಯ" ಅನ್ನೋ ಹೆಸರಿನ್ಯಾಗ 18 ಅದ ಅಂತ ಪುರಾಣ ಹೇಳೋರು ಹೇಳೂದು ಕೇಳಿರ್ತೀ. ಜ 8, ಯ 1. ಹದಿನೆಂಟು ಪರ್ವ, ಹದಿನೆಂಟು ದಿನದ ಯುದ್ಧ.

ಬಿಡಿಸುವವಳು: ಮುಂದಿಂದು ನಾನೇ ಮಾಡ್ತೀನಿ. "ದಖನಿಯಲ್ಲಿ 'ಕೂಡ' ಎಂದ ಮೇಲೆ ಬೆಲೆ ಹೇಳಿದ ಕೋಟೆಯೂರು, ಯಾರಿಗೂ ಭಾಗವಾಗದು. ಮೂರು ಅಕ್ಷರ." ದಖನಿಯಾಗ ಕೂಡ ಅಂದ್ರ "ಬೀ". ಬೆಲಿ ಅಂದ್ರ "ದರ". ಬೀದರ. ಬೀ 3, ದ 8, ರ 2, ತಿರುವಿದ್ರ 283. ಅವಿಭಾಜ್ಯ ಸಂಖ್ಯೆನ? 17ರ ವರ್ಗ 289 ಆಗ್ತದ, ಅಂದ್ರ 13ರ ತನಕ ನೋಡಿದ್ರ ಸಾಕು. 7ರಿಂದ ಹೋಗೂದಿಲ್ಲ, 11ರಿಂದ ಇಲ್ಲ, 13ರಿಂದ ಇಲ್ಲ. ಹೌದು, ಅವಿಭಾಜ್ಯ. ಮತ್ತ ಔರಾದದ "ದ", ಬೀದರದ "ದ" ಒಂದೇ ಮನಿಯಾಗ ಕೂತು ಹೊಂದ್ತು.

ಕಟ್ಟಿದವರು: ಈಗ ನದಿ.

ಬಿಡಿಸುವವಳು: "ದಖನಿ ತಾಯಿಯ ಬೆನ್ನಿಗೆ ರಾಜ ತಿರುಗಿ ನಿಂತ, ನದಿ ಹರಿಯಿತು, ಒಂದರಿಂದ ಒಂಬತ್ತರ ವರ್ಗಗಳೆಲ್ಲ ಇದರಲ್ಲಿ." ತಾಯಿ "ಮಾಂ". "ರಾಜ" ತಿರುಗಿದ್ರ "ಜರಾ". ಮಾಂಜರಾ! ಮಾಂ 5, ಜ 8, ರಾ 2. ತಿರುವಿದ್ರ 285. 1, 4, 9, 16, 25, 36, 49, 64, 81... ಕೂಡಿದ್ರ 285. ಸರ್, ನನಗ ಮೈ ಝುಂ ಅಂತು. ಔರಾದ 1ರಿಂದ 40ರ ಮೊತ್ತ, ಬೀದರ ಅವಿಭಾಜ್ಯ, ಮಾಂಜರಾ ಒಂಬತ್ತು ವರ್ಗಗಳ ಮೊತ್ತ. ಈ ಹೆಸರಿನೊಳಗ ಏನೋ ಅದ.

ಕಟ್ಟಿದವರು: ಇಲ್ಲ. ಏನೂ ಇಲ್ಲ. ಇಲ್ಲಿ ಸ್ವಲ್ಪ ಕುಂದ್ರು, ಇದು ಪದಬಂಧಕ್ಕಿಂತ ದೊಡ್ಡ ಮಾತು.

ಬಿಡಿಸುವವಳು: ಇಷ್ಟೆಲ್ಲಾ ಹೊಂದಿದ ಮ್ಯಾಲೂ?

ಕಟ್ಟಿದವರು: ಹೊಂದಿದ್ದು ಖರೆ. ಆದ್ರ ಯಾರು ಹೊಂದಿಸಿದ್ರು ಅನ್ನೂದು ನೋಡು. ಸಾವಿರದೊಳಗ ಅವಿಭಾಜ್ಯ ಸಂಖ್ಯಾ 168 ಅವ. ಅಂದ್ರ ಕಣ್ಣು ಮುಚ್ಚಿ ಒಂದು ಸಂಖ್ಯಾ ತಗದ್ರ ಆರಕ್ಕ ಒಂದು ಅವಿಭಾಜ್ಯ ಇರ್ತದ. 1ರಿಂದ ಸಾಲಾಗಿ ಕೂಡಿ ಬರೋ ಸಂಖ್ಯಾ 44 ಅವ. ವರ್ಗ 31 ಅವ. ಘನ, ವರ್ಗಗಳ ಮೊತ್ತ, ಎಡಬಲ ಒಂದೇ ಓದೋ ಸಂಖ್ಯಾ, ಎಲ್ಲಾ ಸೇರಿಸಿದ್ರ ಯಾವ ಸಂಖ್ಯಾಕ್ಕೂ ಏನಾರ ಒಂದು ಗುಣ ಹಚ್ಚಬಹುದು. 820ಕ್ಕ ನಾ ಒಂದು ಗುಣ ಬರದೆ, ಇನ್ನೆರಡು ಇದ್ದವು. 1, 9, 81, 729 ಕೂಡಿ ನೋಡು.

ಬಿಡಿಸುವವಳು: 820! ಒಂಬತ್ತರ ಘಾತಗಳು.

ಕಟ್ಟಿದವರು: ಭಾಲ್ಕಿ ತಿರುವದೇ ಎಡದಿಂದ ಓದಿದ್ರ 41. ಅದರ ಇಪ್ಪತ್ತು ಪಟ್ಟು 820. ಹಂಗಂತ ಭಾಲ್ಕಿಯಂಥ ಇಪ್ಪತ್ತು ಊರು ಕೂಡಿದ್ರ ಔರಾದ ಆಗ್ತದೇನು? ನದಿ ಹೆಸರೂ ಹಂಗೇ. ನಮ್ಮ ಮಂದಿ "ಮಾಂಜ್ರಾ" ಅಂತನೂ ಬರಿತಾರ. ಹಂಗ ಬರದ್ರ ಒತ್ತಕ್ಷರದ ರ ಲೆಕ್ಕಕ್ಕ ಬಂದು 25 ಆಗ್ತದ. ಅದೂ ವರ್ಗನೇ. ನನಗ ಬೇಕಾದ ಬರಹ ನಾ ಆರಿಸ್ಕೊಂಡೆ. ಆರಿಸ್ಕೊಳ್ಳಲಿಕ್ಕ ಸ್ವಾತಂತ್ರ್ಯ ಇದ್ದಲ್ಲೆಲ್ಲ ಚಂದ ಸಿಕ್ಕೇ ಸಿಗ್ತದ. ಹೆಸರಿನ ಅಕ್ಷರ ಬದಲಿಸಿದ್ರ ನಸೀಬು ಬದಲಾಗ್ತದ ಅಂತ ಹೇಳಿ ರೊಕ್ಕ ತಗೊಳ್ಳೋರು ಇದೇ ಸ್ವಾತಂತ್ರ್ಯವನ್ನ ಮಾರ್ತಾರ. ಗಣಿತ ಕಲಿಸೋ ನೀನು ಇದನ್ನ ಮಕ್ಕಳ ಮುಂದ ಗಟ್ಟಿಯಾಗಿ ಹೇಳಬೇಕು.

ಬಿಡಿಸುವವಳು: ಸಿರಿಭೂವಲಯದ ಚರ್ಚಾನೂ ಇದೇ ಏನು ಸರ್? ಅದೂ ಅಂಕಿಗಳ ಚೌಕ ಅಂತ ಓದೀನಿ. 27 ಅಡ್ಡ, 27 ಉದ್ದ.

ಕಟ್ಟಿದವರು: 729 ಮನಿ, 1ರಿಂದ 64ರ ತನಕ ಅಂಕಿ, ಒಂದೊಂದು ಅಂಕಿಗೆ ಒಂದೊಂದು ಧ್ವನಿ. ಕುಮುದೇಂದು ಮುನಿಯ ಹೆಸರಿನ ಆ ಗ್ರಂಥ 1953ರಾಗ ಅಚ್ಚಾತು. ಅದರ ಕಾಲ ಯಾವುದು, ಅದರಾಗ ಎಷ್ಟು ಭಾಷಾ ಅವ, ಎಷ್ಟು ಶಾಸ್ತ್ರ ಅವ ಅನ್ನೂದರ ಬಗ್ಗೆ ವಿದ್ವಾಂಸರು ಒಪ್ಪಿಲ್ಲ. ನಾ ಯಾರ ಪರವೂ ತೀರ್ಪು ಕೊಡೂದಿಲ್ಲ. ಕೇಳಬೇಕಾದ ಪ್ರಶ್ನಿ ಮಾತ್ರ ಹೇಳ್ತೀನಿ: ಚೌಕದಾಗ ನಡೆಯೋ ದಾರಿ ಮೊದಲೇ ನಿಕ್ಕಿ ಆಗಿತ್ತೋ, ಇಲ್ಲ ಅರ್ಥ ಸಿಗೋತನಕ ದಾರಿ ಬದಲಿಸ್ಕೋತ ಹೋದ್ರೋ? ಮೊದಲಿಂದು ಓದು. ಎರಡನೇದು ನಮ್ಮ ಆಸೆ ನಮಗೇ ವಾಪಸ್ ಕೇಳಿಸಿದ್ದು.

ಬಿಡಿಸುವವಳು: ಹಂಗಾದ್ರ ನಿಮ್ಮ ಪದಬಂಧದಾಗ ಆ ಅಂಕಿಗಳಿಗೆ ಏನು ಕಿಮ್ಮತ್ತು? ಬರೇ ಅಲಂಕಾರ?

ಕಟ್ಟಿದವರು: ಭಾಲ್ಕಿಯ ಸುಳಿವು ಬಿಡಿಸು, ತಿಳೀತದ.

ಬಿಡಿಸುವವಳು: "ಮೂರು ಮೆಟ್ಟಿಲಿನ ಚೌಕ ಗೋಪುರ, ಮಠದ ಊರು. ಎರಡು ಅಕ್ಷರ." ಮೂರು ಮೆಟ್ಟಿಲು ಅಂದ್ರ 1, 4, 9. ಕೂಡಿದ್ರ 14. ಎರಡು ಅಕ್ಷರದಾಗ 14 ಬರಬೇಕಂದ್ರ ಎಡಕ್ಕ 4, ಬಲಕ್ಕ 1. ಘಟ, ವಟ, ಭಯ, ಭೂಪ... ಸರ್, ಇವೆಲ್ಲಾ 14ನೇ! ಭಾಲ್ಕಿನೂ 14. ಅಂಕಿ ಒಂದರಿಂದ ಉತ್ತರ ಸಿಗೂದಿಲ್ಲ.

ಕಟ್ಟಿದವರು: ಸಿಗಬಾರದು! ಪದದಿಂದ ಅಂಕಿಗೆ ಹೋಗೋ ದಾರಿ ಒಂದೇ. ಅಂಕಿಯಿಂದ ಪದಕ್ಕ ವಾಪಸ್ ಬರೋ ದಾರಿ ನೂರು. ಅದಕ್ಕ ಅಂಕಿ ಮಾಡೋ ಕಲಸ ಪರೀಕ್ಷಾ. ಉತ್ತರ ಹುಟ್ಟಿಸೂದು ಅದರ ಕಲಸ ಅಲ್ಲ. "ಮಠದ ಊರು" ಅನ್ನೋ ಅರ್ಥ ಒಂದು ಸಾಕ್ಷಿ, 14 ಎರಡನೇದು. ಮೂರನೇದು ಮ್ಯಾಲಿಂದ ಇಳಿದು ಬರೋ ಪದ.

ಬಿಡಿಸುವವಳು: ಮ್ಯಾಲಿಂದ "ಸಭಾಪತಿ" ಇಳೀತದ. ಅದರ ಎರಡನೇ ಅಕ್ಷರ ಭಾ. ಈಗ ಘಟ, ವಟ, ಭಯ, ಭೂಪ ಎಲ್ಲಾ ಬಿದ್ದು ಹೋದ್ವು. ಭಾಲ್ಕಿ ಒಂದೇ ಉಳೀತು.

ಕಟ್ಟಿದವರು: ಕನ್ನಡದ ಪದಬಂಧದ ಶಕ್ತಿ ಇಲ್ಲಿ ಅದ. ಇಂಗ್ಲಿಷಿನ್ಯಾಗ ಒಂದು ಮನಿಯಾಗ ಕೂಡೋದು 26 ಅಕ್ಷರದಾಗ ಒಂದು. ನಮ್ಮಲ್ಲಿ 34 ವ್ಯಂಜನಕ್ಕ ಬರೇ 12 ಸ್ವರ ಹಚ್ಚಿದ್ರೂ 408. ಒತ್ತಕ್ಷರ ಇನ್ನೂ ಎಣಿಸಿಲ್ಲ. ಅಡ್ಡ ಪದದ ಭಾ, ಉದ್ದ ಪದದ ಭಾ, ಎರಡೂ ದೀರ್ಘದ ಸಮೇತ ಕೂಡಬೇಕು. ಭಯದ ಭ ನಡೆಯೂದಿಲ್ಲ, ಭೂಪದ ಭೂ ನಡೆಯೂದಿಲ್ಲ. ಕಟ್ಟೋನಿಗೆ ಇದು ತ್ರಾಸು. ಹೊಂದೋ ಪದ ಸಿಗದೇ ಒಂದು ಮೂಲಿ ಮತ್ತ ಮತ್ತ ಕೆಡವಬೇಕಾಗ್ತದ. ಎಲ್ಲಾ ಮನಿಗೂ ಎರಡು ಪದ ಹಾಯಿಸಲಿಕ್ಕ ನನಗೂ ಆಗಿಲ್ಲ. ಬಿಡಿಸೋರಿಗೆ ಮಾತ್ರ ಒಂದೇ ಒಂದು ಕೂಡು ಅಕ್ಷರ ಸಿಕ್ಕರೂ ಅರ್ಧ ಬಾಗಿಲು ತೆರೀತದ. ಮಾಹಿತಿ ಸಿದ್ಧಾಂತ ಕಟ್ಟಿದ ಕ್ಲಾಡ್ ಶಾನನ್ 1948ರ ತನ್ನ ಪ್ರಬಂಧದಾಗ ಪದಬಂಧದ ಮಾತು ತಗದಾನ. ಭಾಷಾದಾಗ ಮುಂದಿನ ಅಕ್ಷರ ಎಷ್ಟರಮಟ್ಟಿಗೆ ಊಹಿಸಲಿಕ್ಕ ಬರ್ತದ ಅನ್ನೂದರ ಮ್ಯಾಲ ಆ ಭಾಷಾದಾಗ ದೊಡ್ಡ ಪದಬಂಧ ಕಟ್ಟಲಿಕ್ಕ ಬರ್ತದೋ ಇಲ್ಲೋ ಅನ್ನೂದು ನಿಂತದ ಅಂತ ತೋರಿಸ್ಯಾನ. ಕನ್ನಡಕ್ಕ ಆ ಲೆಕ್ಕ ಅಕ್ಷರದ ಮನಿ ಇಟ್ಟು ಮಾಡಬೇಕು. ಕಂಪ್ಯೂಟರ್ ಕಲಿತ ನಿಮ್ಮ ಹುಡುಗರು ಯಾರಾದ್ರೂ ಕೈ ಹಾಕಲಿ ಅಂತ ನನಗ ಭಾಳ ಆಸೆ.

ಬಿಡಿಸುವವಳು: ಮಠದ ಊರು ಅಂದಾಗ ನೆನಪಾತು ಸರ್. ನಿಜಾಮರ ಕಾಲದಾಗ ಭಾಲ್ಕಿ ಮಠದ ಚನ್ನಬಸವ ಪಟ್ಟದ್ದೇವರು ಹೊರಗ ಉರ್ದು ಸಾಲಿ ಅಂತ ಫಲಕ ಹಾಕಿ ಒಳಗ ಕನ್ನಡ ಕಲಿಸಿದ್ರು ಅಂತ ನಮ್ಮ ಹಿರಿಯರು ಹೇಳ್ತಾರ.

ಕಟ್ಟಿದವರು: ಅವರು ಹುಟ್ಟಿದ್ದು ಇಲ್ಲೇ ಕಮಲನಗರದಾಗ. ಆಗಿನ ಆಡಳಿತ ಭಾಷಾ ಉರ್ದು, ಸಾಲಿ ಮಾತೂ ಉರ್ದು. ಕನ್ನಡ ಕಲಿಬೇಕಂದ್ರ ಹಂಗ ಕಲಿಬೇಕಾಗಿತ್ತು. ಆ ಮಕ್ಕಳಿಗೆ ಫಲಕ ಒಂದು ಹೇಳ್ತಿತ್ತು, ಹಲಗಿ ಇನ್ನೊಂದು. ಅವರಿಗೆ ಅದು ಒಗಟಿನ ಸುಖ ಅಲ್ಲ, ಬದುಕಿನ ಪ್ರಶ್ನಿ. ಆದ್ರ ಅದರಿಂದ ಉರ್ದು ಮ್ಯಾಲ ಸಿಟ್ಟು ಇಟ್ಕೋಬ್ಯಾಡ. ಪದಬಂಧದ ಬಲಕ್ಕ ಒಂದು ಸುಳಿವು ಅದ, "ಕೋಟೆಯೊಳಗಿನ ಲೆಕ್ಕ" ಅಂತ ತಲಿಬರಹ ಕೊಟ್ಟೀನಿ. ಅದು ಕಟಪಯಾದಿ ಅಲ್ಲ.

ಬಿಡಿಸುವವಳು: "253, 532, 91 ಕೂಡಿದಾಗ ಕಟ್ಟಿ ಮುಗಿಯಿತು, ಓದಿದವರು ಎಲ್ಲಿ? ಮೂರು ಅಕ್ಷರ... ಇಲ್ಲ, ನಾಲ್ಕು." 876. ಇದೇನು ಸರ್?

ಕಟ್ಟಿದವರು: ಬೀದರದ ವಜೀರ ಮಹಮೂದ್ ಗಾವಾನನ ಮದರಸಾ ನೋಡೀದಿ. ನೀಲಿ ಹೆಂಚಿನ ಆ ಮಿನಾರ. ಅದು ಹಿಜರಿ 876ರಾಗ ಮುಗೀತು, ಅಂದ್ರ 1471-72. ಆ ವರ್ಷವನ್ನ ಆಗಿನ ಕವಿಯೊಬ್ಬ ಅಂಕಿಯಾಗ ಬರೀಲಿಲ್ಲ. ಕುರಾನಿನ ಒಂದು ಪ್ರಾರ್ಥನಾದ ಮೂರು ಶಬ್ದ ಆರಿಸಿದ. "ಒಡೆಯನೇ, ನಮ್ಮಿಂದ ಇದನ್ನ ಸ್ವೀಕರಿಸು" ಅನ್ನೋ ಅರ್ಥದ್ದು. ಅರಬ್ಬಿ ಅಕ್ಷರಕ್ಕ ಅಬ್ಜದ್ ಅನ್ನೋ ಲೆಕ್ಕ ಅದ. ಅಲಿಫ್ 1, ಬೇ 2, ಜೀಮ್ 3, ದಾಲ್ 4, ಹೀಂಗ 10ರ ತನಕ ಒಂದೊಂದು ಏರ್ತದ, ಆಮ್ಯಾಲ ಹತ್ತುಹತ್ತು, ನೂರುನೂರು, ಕಡೀ ಅಕ್ಷರಕ್ಕ 1000. ಆ ಮೂರು ಶಬ್ದದ ಬೆಲಿ 253, 532, 91. ಕೂಡಿದ್ರ 876. ಕಟ್ಟಡವನ್ನ ದೇವರಿಗೆ ಒಪ್ಪಿಸೋ ಮಾತೇ ಕಟ್ಟಡದ ತಾರೀಖೂ ಆತು. ಗೂಢ ಸುಳಿವಿಗೆ ಇದಕ್ಕಿಂತ ಒಳ್ಳೇ ಉದಾಹರಣಾ ನನಗ ಗೊತ್ತಿಲ್ಲ. ಆರ್ಥರ್ ವಿನ್ ಹುಟ್ಟೂದಕ್ಕ ನಾಲ್ಕು ನೂರು ವರ್ಷ ಮೊದಲು, ನಮ್ಮ ಜಿಲ್ಲಾ ಊರಿನ್ಯಾಗ.

ಬಿಡಿಸುವವಳು: ಅಂದ್ರ ಉತ್ತರ "ಮದರಸಾ". ನಾಲ್ಕು ಅಕ್ಷರ. ಕಟಪಯಾದಿಗೂ ಇದಕ್ಕೂ ಫರಕು ಅದಲ್ಲ ಸರ್. ಕಟಪಯಾದಿಯಾಗ ಅಕ್ಷರದ ಜಾಗಾ ಮುಖ್ಯ, ಬಿಡಿ, ಹತ್ತು, ನೂರು. ಅಬ್ಜದ್‌ನ್ಯಾಗ ಬರೇ ಕೂಡೂದು.

ಕಟ್ಟಿದವರು: ಅದಕ್ಕೇ ಅಬ್ಜದ್‌ನ್ಯಾಗ ಅಕ್ಷರ ಹಿಂದ ಮುಂದ ಮಾಡಿದ್ರೂ ಬೆಲಿ ಬದಲಾಗೂದಿಲ್ಲ. ಕಟಪಯಾದಿಯಾಗ ಬದಲಾಗ್ತದ. "ರಸ" 72, "ಸರ" 27. ಬೀದರವನ್ನ ಉರ್ದುದಾಗ ಬರಿ: ಬೇ 2, ಯೇ 10, ದಾಲ್ 4, ರೇ 200.

ಬಿಡಿಸುವವಳು: 216. ಆರರ ಘನ! ಮತ್ತ 27, 64, 125 ಕೂಡಿದ್ರೂ 216. ಮೂರು, ನಾಲ್ಕು, ಐದರ ಘನಗಳು. ಕನ್ನಡದಾಗ ಭಾಗನೇ ಆಗದ ಊರು ಉರ್ದುದಾಗ ಇಷ್ಟು ನಮೂನಿ ಒಡೀತದ.

ಕಟ್ಟಿದವರು: ಗಾವಾನ ಗಣಿತ ಬಲ್ಲವ ಅಂತ ಇತಿಹಾಸಕಾರರು ಬರದಾರ. ಅವನ ಕತೀ ಕಡೀ ಭಾಗ ನಮ್ಮ ಮಾತಿಗೆ ಬೇಕು. ಅವನನ್ನ ಕಂಡರಾಗದವರು ಅವನ ಮುದ್ರಿ ಇಟ್ಕೊಂಡಿದ್ದ ಸೇವಕನಿಂದ ಖಾಲಿ ಕಾಗದದ ಮ್ಯಾಲ ಮುದ್ರಿ ಒತ್ತಿಸ್ಕೊಂಡ್ರು. ಆಮ್ಯಾಲ ಅದರ ಮ್ಯಾಲ ಒಡಿಶಾದ ರಾಜನಿಗೆ ದಂಡೆತ್ತಿ ಬರ್ರಿ ಅಂತ ಕರೆದ ಹಂಗ ಪತ್ರ ಬರದ್ರು. ಸುಲ್ತಾನ ಮೂರನೇ ಮಹಮ್ಮದ್ ಷಾ ಮುದ್ರಿ ನೋಡಿದ. ಮುದ್ರಿ ಖರೆನೇ ಇತ್ತು. ಅಕ್ಷರ ಯಾರದು, ಪತ್ರ ಒಯ್ದವರು ಯಾರು ಅಂತ ಕೇಳಲಿಲ್ಲ. 1481ರ ಏಪ್ರಿಲ್ 5ಕ್ಕ ಗಾವಾನನ ತಲಿ ಹೋತು. ಒಂದೇ ಸಾಕ್ಷಿ ನಂಬಿದ್ದು. ಮರು ವರ್ಷ ಸುಲ್ತಾನನೂ ತೀರಿಕೊಂಡ. ಗಾವಾನನ ಸಾವಿಗೂ ಒಬ್ಬ ಪಾರ್ಸಿ ಸಾಲು ಕಟ್ಟಿದ. ತಪ್ಪು ಮಾಡದ ಮಹಮೂದ್ ಗಾವಾನ್ ಹುತಾತ್ಮನಾದ ಅನ್ನೋ ಅರ್ಥದ್ದು. ಅಕ್ಷರ ಎಲ್ಲಾ ಕೂಡಿದ್ರ 886. ಅದು ಅವನು ಸತ್ತ ಹಿಜರಿ ವರ್ಷ.

ಬಿಡಿಸುವವಳು: ಆ ಸಾಲು ಬರದವನು ಎರಡು ಸಾಕ್ಷಿ ಇಟ್ಟ. ಅರ್ಥ ಒಂದು, ಲೆಕ್ಕ ಒಂದು.

ಕಟ್ಟಿದವರು: ಈಗ ಮ್ಯಾಲಿನ ಸಾಲು. ಮೊದಲು ಅದರ ಕೀಲಿ: "ಆರು ತಿರುಗಿದರೆ ಕೊರಳಿಗೆ. ಎರಡು ಅಕ್ಷರ."

ಬಿಡಿಸುವವಳು: ಆರು ತಿರುಗಿದ್ರ "ರುಆ" ಆಗ್ತದ. ಅರ್ಥ ಇಲ್ಲ. ಆರು ಅಂದ್ರ ಬ್ಯಾರೆ ಶಬ್ದ ಇರಬೇಕು. ಭೂತಸಂಖ್ಯಾದಾಗ ಚಂದ್ರ 1, ನೇತ್ರ 2, ಅಗ್ನಿ 3, ವೇದ 4, ಬಾಣ 5, ಋತು 6... ರಸನೂ 6! ಷಡ್ರಸ. ರಸ ತಿರುಗಿದ್ರ ಸರ. ಕೊರಳಿಗೆ ಸರ.

ಕಟ್ಟಿದವರು: ಶಾಸನದಾಗ ಶಕವರ್ಷ ಬರೀಲಿಕ್ಕ ನಮ್ಮವರು ಬಳಸಿದ ಶಬ್ದಗಳು ಅವು. ಈಗ ಸರ ಹುಡುಕು.

ಬಿಡಿಸುವವಳು: "ಎರಡರ ಬೆನ್ನಿಗೆ ಗಣಪನ ತಲೆ, ಬೆಂಗಳೂರಿಗೆ ಹಬ್ಬ." ಎರಡು ಅಂದ್ರ ಕರ, ಕೈ ಎರಡು. ಗಣಪನ ತಲಿ ಗ. ಕರಗ. "ವಿಶೇಷದ ಮೊದಲಿಗೇ ಓಟು ಬಿದ್ದರೂ ಒಪ್ಪದ ನಿಲುವು." ವಿ, ಓಟು ಅಂದ್ರ ಮತ. ವಿಮತ. "ಕಾಶಿವರೆಗೆ ಹೋದವನ ನಡುವೆಯೇ ಔರಾದದ ದೇವರು." ನಮ್ಮ ಅಮರೇಶ್ವರ ಅಂದ್ರ... ಕಾಶಿವರೆಗೆ, ನಡುವ "ಶಿವ"! ಇದು ಭಾಳ ಚಂದ ಅದ ಸರ್. ಕಡೀದು: "ಹಕ್ಕಿಯ ಉಡುಪು ಕೆರೆಯ ಅಂಚಿಗೆ ಬಂದರೆ ಪೂಜೆಯ ಹುಲ್ಲು." ಗರಿ, ಕೆರೆಯ ಕೆ. ಗರಿಕೆ. ಕರಗ, ವಿಮತ, ಶಿವ, ಗರಿಕೆ. ಮೂರು, ಮೂರು, ಎರಡು, ಮೂರು. ಹನ್ನೊಂದು ಮನಿ ತುಂಬಿದ್ವು.

ಕಟ್ಟಿದವರು: ಅಂಕಿ ಮಾಡು.

ಬಿಡಿಸುವವಳು: ಕ 1, ರ 2, ಗ 3. ವಿ 4, ಮ 5, ತ 6. ಶಿ 5, ವ 4. ಗ 3, ರಿ 2, ಕೆ 1. 12345654321! ಎಡದಿಂದ ಓದ್ರಿ, ಬಲದಿಂದ ಓದ್ರಿ, ಅದೇ.

ಕಟ್ಟಿದವರು: ಇದು ಮಹಾವೀರಾಚಾರ್ಯನ ಸರ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಾಗ, 850ರ ಸುಮಾರಿಗೆ, ಅವನು ಸಂಸ್ಕೃತದಾಗ "ಗಣಿತಸಾರಸಂಗ್ರಹ" ಬರದ. ಆ ರಾಜನ ಮಾನ್ಯಖೇಟ ಇವತ್ತಿನ ಮಳಖೇಡ, ಸೇಡಂ ತಾಲೂಕಿನ್ಯಾಗ ಕಾಗಿಣಾ ದಂಡಿಮ್ಯಾಲ ಅದ. "ಕವಿರಾಜಮಾರ್ಗ" ಹುಟ್ಟಿದ್ದೂ ಅದೇ ರಾಜನ ಆಸ್ಥಾನದಾಗ. ಕನ್ನಡದ ಮೇರಿ ಗೋದಾವರಿ ತನಕ ಅಂತ ಹೇಳಿದ ಪುಸ್ತಕ ಅದು. ನಮ್ಮ ಮಾಂಜರಾ ಹೋಗಿ ಕೂಡೂದೂ ಅದೇ ಗೋದಾವರಿನ. ಮಹಾವೀರ ಗುಣಾಕಾರ ಕಲಿಸುವಾಗ ಬರೇ ಒಣ ಲೆಕ್ಕ ಕೊಡಲಿಲ್ಲ. ಗುಣಲಬ್ಧ ಕೊರಳ ಹಾರದ ಹಂಗ ಎರಡೂ ಕಡಿ ಸಮ ಇರೋ ಲೆಕ್ಕ ಕೊಟ್ಟ. 139 ಗುಣಿಸು 109 ಮಾಡು.

ಬಿಡಿಸುವವಳು: 15151.

ಕಟ್ಟಿದವರು: 152207 ಗುಣಿಸು 73 ಅಂದ್ರ ಎಂಟು ಒಂದುಗಳು. 27994681 ಗುಣಿಸು 441 ಅಂದ್ರ ನಿನ್ನ ಮುಂದ ಇರೋ ಸಾಲು.

ಬಿಡಿಸುವವಳು: 441 ಅಂದ್ರ 21ರ ವರ್ಗ. ಹಂಗಾದ್ರ ಇನ್ನೊಂದೂ ವರ್ಗ ಇರಬೇಕೇನು? ಯಾಕಂದ್ರ 111111ರ ವರ್ಗ 12345654321. ಆ 111111ನ್ನ 21ರಿಂದ ಭಾಗಿಸಿದ್ರ 5291. ಅದರ ವರ್ಗ... 5300ರ ವರ್ಗದಾಗ 95400 ಕಳದು 81 ಕೂಡಬೇಕು. 27994681. ಹೌದು! ಅವನು ಸರದ ಮಣಿ ಎಲ್ಲಿ ಪೋಣಿಸ್ಯಾನ ಅನ್ನೂದು ಕಂಡಂಗಾತು ಸರ್. ಮೊದಲು ಹಾರ ಕಟ್ಟಿ, ಆಮ್ಯಾಲ ಅದನ್ನ ಬಿಚ್ಚಿ ಎರಡು ಸಂಖ್ಯಾ ಮಾಡಿ ಶಿಷ್ಯರ ಕೈಯಾಗ ಕೊಟ್ಟಿರಬೇಕು.

ಕಟ್ಟಿದವರು: ಕಟ್ಟೋರೆಲ್ಲ ಹಿಂದಿನಿಂದನೇ ಕಟ್ಟೂದು. ಈ ಗ್ರಂಥವನ್ನ ಎಂ. ರಂಗಾಚಾರ್ಯರು 1912ರಾಗ ಮದ್ರಾಸಿನ್ಯಾಗ ಇಂಗ್ಲಿಷ್ ಅನುವಾದದ ಜೋಡಿ ಅಚ್ಚು ಹಾಕಿಸಿದ್ರು. ಹೊಂಬುಜದಿಂದ ಕನ್ನಡ ಅನುವಾದವೂ ಬಂದದ. ಮಹಾವೀರನಿಂದ ಸುಮಾರು ಮೂರು ನೂರು ವರ್ಷಕ್ಕ ರಾಜಾದಿತ್ಯ "ವ್ಯವಹಾರ ಗಣಿತ"ವನ್ನ ಕನ್ನಡದಾಗೇ ಬರದ. ಇಂಗ್ಲೆಂಡಿನ್ಯಾಗ "ಲಿಸನರ್" ಅಂತ ಒಂದು ಪದಬಂಧ ಅದ, 1930ರಿಂದ ನಡೀಲತ್ತದ, ಈಗ "ಟೈಮ್ಸ್" ಪತ್ರಿಕಾದಾಗ ಬರ್ತದ. ವರ್ಷಕ್ಕ ನಾಲ್ಕು ಸಲ ಅದರಾಗ ಬರೇ ಅಂಕಿಯ ಬಂಧ ಹಾಕ್ತಾರ. ಅವರ ಶ್ರದ್ಧಾ ನನಗ ಮೆಚ್ಚುಗಿ. ಆದ್ರ ಅವರಿಗೆ ಅಕ್ಷರ ಬ್ಯಾರೆ, ಅಂಕಿ ಬ್ಯಾರೆ. ನಮಗ ಒಂದೇ ಅಕ್ಷರ ಎರಡೂ ಆಗ್ತದ. ಇಷ್ಟು ಸಾಮಾನು ಮನಿಯಾಗ ಇಟ್ಕೊಂಡು ನಾವು ಸುಮ್ಮ ಕುಂತೀವಿ. ನನಗ ಇದು ಸಣ್ಣ ಸಂಗತಿ ಅಲ್ಲ.

ಬಿಡಿಸುವವಳು: ಹಂಗಾದ್ರ ಸಾಲಿ ಮಕ್ಕಳಿಗೆ ಒಂದು ಕಟ್ಟೋಣ. ಬೀದರಕ್ಕ ನನ್ನ ಸುಳಿವು ಕೇಳ್ರಿ: "ಒಂದು ಲಿಪಿಯಲ್ಲಿ ಆರರ ಘನ, ಇನ್ನೊಂದರಲ್ಲಿ ಅವಿಭಾಜ್ಯ."

ಕಟ್ಟಿದವರು: ಯಾವ ಲೆಕ್ಕ ಅಂತ ಹೇಳದೇ ಬಿಟ್ಟೀದಿ. ಅದು ಅನ್ಯಾಯ ಆಗ್ತದ.

ಬಿಡಿಸುವವಳು: ಹಾಳಿಯ ಹಿಂದ ಎರಡೂ ಕೋಷ್ಟಕ ಅಚ್ಚು ಮಾಡ್ತೀನಿ. ಉರ್ದು ಓದೋ ಹುಡುಗ 216 ಹೇಳ್ತಾನ, ಕನ್ನಡ ಓದೋ ಹುಡುಗಿ 283 ಹೇಳ್ತಾಳ. ಇಬ್ಬರೂ ಒಂದೇ ಬೆಂಚಿನ ಮ್ಯಾಲ ಕೂತ್ರ ಮಾತ್ರ ಊರು ಸಿಗ್ತದ.

ಕಟ್ಟಿದವರು: ಅದು ನಾ ಕಟ್ಟಿದ್ದಕ್ಕಿಂತ ಒಳ್ಳೇ ಸುಳಿವು. ಇಟ್ಕೊ. ಕಮಲನಗರವನ್ನೂ ಸೇರಿಸು.

ಬಿಡಿಸುವವಳು: ಕ 1, ಮ 5, ಲ 3, ನ ಸೊನ್ನಿ, ಗ 3, ರ 2. ತಿರುವಿದ್ರ 230351. ಇದಕ್ಕೇನು ಗುಣ ಅದ?

ಕಟ್ಟಿದವರು: ಒಂದು ಬಿಟ್ಟು ಒಂದು ಕೂಡು. 2, 0, 5.

ಬಿಡಿಸುವವಳು: ಏಳು. 3, 3, 1 ಅದೂ ಏಳು. ಹನ್ನೊಂದರಿಂದ ಭಾಗ ಹೋಗ್ತದ! 20941. ಅದು... 43ರಿಂದ ಹೋಗ್ತದ. 487 ಉಳೀತದ.

ಕಟ್ಟಿದವರು: 487 ಒಡೆಯೂದಿಲ್ಲ. 11, 43, 487. ಈಗ ಅದಕ್ಕ ಸುಳಿವು ಬರಿ. ಕಮಲ ಒಂದು ಕಡಿ, ನಗರ ಒಂದು ಕಡಿ ಇಟ್ಟು ಬರದ್ರ ಎಲ್ಲರಿಗೂ ತಿಳೀತದ. ಬ್ಯಾರೆ ಕಡೆ ಒಡಿ.

ಬಿಡಿಸುವವಳು: "ಕಮ", "ಲನ"... "ಮಲ" ನಡುವ ಅದ. "ನಗ" ಅದ. ನಗ ಅಂದ್ರ ಬೆಟ್ಟ, ಆಭರಣನೂ ಹೌದು. ತಡೀರಿ ಸರ್, ಪೆನ್ಸಿಲ್ ಕೊಡ್ರಿ.